ರೋಮದ ಋತುಮಾನ

ತಲೆಗೂದಲು ಎಡೆಬಿಡದೆ ಬೆಳೆಯುತ್ತಲೇ ಇರುವುದೆಂಬ ನಮ್ಮ ವಾಡಿಕೆಯ ನಂಬುಗೆಗೆ ವ್ಯತಿರಿಕ್ತವಾಗಿ, ಪ್ರತಿಯೊಂದು ರೋಮಕೂಪಕ್ಕೂ ವೃದ್ಧಿ, ಕ್ಷಯ, ವಿಶ್ರಾಂತಿಗಳೆಂಬ ಮೂರು ಅವಸ್ಥೆಗಳುಂಟೆಂಬುದನ್ನು ಚಿಟ್ಟಿಲಿಗಳ ತುಪ್ಪುಳಿನಲ್ಲಿ ಸಾವಧಾನವಾಗಿ ಗುರುತಿಸಿ, 1926ರಲ್ಲಿ ಅವಕ್ಕೆ ಅನಾಜೆನ್, ಕ್ಯಾಟಾಜೆನ್, ಟೆಲೊಜೆನ್ ಎಂಬ, ಇಂದಿಗೂ ಸಲ್ಲುತ್ತಿರುವ ನಾಮಧೇಯಗಳನ್ನಿತ್ತವನು ಎಫ್. ಡಬ್ಲ್ಯು. ಡ್ರೈ. ಮನುಷ್ಯನ ನೆತ್ತಿಯಲ್ಲಿ ವೃದ್ಧಿಗೆ ಹಲವು ವರ್ಷ, ಕ್ಷಯಕ್ಕೆ ಎರಡು ಮೂರು ವಾರ, ವಿಶ್ರಾಂತಿಗೆ ಸುಮಾರು ಮೂರು ತಿಂಗಳು.

ಆದರೆ ಈ ಚಕ್ರವನ್ನು ತಿರುಗಿಸುವವರಾರು? 1960ರ ದಶಕದಲ್ಲಿ ರಾಯ್ ಆಲಿವರ್ ಇಲಿಯ ಮೀಸೆಯ ಬುಡದಲ್ಲಿರುವ ಪುಟ್ಟ ಜೀವಕೋಶಗುಚ್ಛವನ್ನು ತೆಗೆದೂ ಮರಳಿ ನೆಟ್ಟೂ ನೋಡಿ, ರೋಮವು ಹುಟ್ಟುವುದು ಅದರ ಪ್ರೇರಣೆಯಿಂದಲೇ ಎಂಬುದನ್ನು ತೋರಿಸಿದನು. ಆ ಪ್ರೇರಣೆಯ ಭಾಷೆ ಪ್ರೋಟೀನುಗಳದ್ದೆಂಬುದು ಕ್ರಮೇಣ ತಿಳಿದುಬಂದಿತು: ವಿಂಟ್ ಎಂಬ ಸಂಕೇತವು ನಿದ್ರಿಸುವ ಮೂಲಕೋಶಗಳನ್ನೆಬ್ಬಿಸಿದರೆ, ಬಿಎಂಪಿ ಎಂಬುದು ಅವನ್ನು ಮಲಗಿಸಿಡುತ್ತದೆ; ಇವುಗಳೊಡನೆ, ಗಣಕದ ಆಟದ ಮುಳ್ಳುಹಂದಿಯೊಂದರ ಹೆಸರು ಹೊತ್ತ ಸಾನಿಕ್ ಹೆಜ್‌ಹಾಗ್ ಎಂಬ ಸಂಕೇತವೂ ಸೇರಿಕೊಂಡಿರುವುದು, ವಿಜ್ಞಾನಿಗಳಿಗೂ ವಿನೋದಪ್ರಿಯತೆ ಇಲ್ಲದಿಲ್ಲವೆಂಬುದಕ್ಕೆ ಸಾಕ್ಷಿ.

ನನ್ನ ಮಟ್ಟಿಗೆ ಅತ್ಯಂತ ಸುಂದರವಾದ ಶೋಧ 1994ರದು. ಎಫ್‌ಜಿಎಫ್5 ಎಂಬ ಪ್ರೋಟೀನಿಲ್ಲದ ಚಿಟ್ಟಿಲಿಗಳಲ್ಲಿ, ವೃದ್ಧಿಯನ್ನು ನಿಲ್ಲಿಸೆಂಬ ಆಜ್ಞೆಯು ಸಕಾಲದಲ್ಲಿ ತಲಪದೆ, ರೋಮವು ಬೆಳೆಬೆಳೆದು ಅಸಾಮಾನ್ಯವಾಗಿ ನೀಳವಾಯಿತು. ಅಂಗೋರಾ ಎಂದು ಮುಂಚಿನಿಂದಲೂ ಪರಿಚಿತವಾಗಿದ್ದ ನೀಳರೋಮದ ಚಿಟ್ಟಿಲಿಗಳ ರಹಸ್ಯವೂ ಇದೇ ಆಗಿತ್ತು. ಇನ್ನು 2008ರಲ್ಲಿ, ಕೂಪದ ಹೊರಗಣ ಚರ್ಮದಲ್ಲಿಯೂ ಬಿಎಂಪಿಯು ಅಲೆಯಂತೆ ಏರಿಳಿಯುವುದೆಂದೂ, ಅದು ಇಳಿಯುವವರೆಗೆ ವಿಶ್ರಾಂತ ರೋಮವು ಯಾವ ಕರೆಗೂ ಓಗೊಡದೆಂದೂ ತಿಳಿಯಿತು. ಡ್ರೈ ಒಂದೇ ಎಂದು ಬಗೆದಿದ್ದ ವಿಶ್ರಾಂತಿಯು ಹೀಗೆ, ಕರೆಗೆ ಓಗೊಡದ ಹಂತ, ಓಗೊಡುವ ಹಂತ ಎಂದು ಎರಡಾಯಿತು.