ಹೊಳೆಯ ನೆನಪು, ಕಣ್ಣಿನ ಚಲನೆ: ಮಲಪ್ರಭೆಯ ದಂಡೆಯಲ್ಲಿ ಆಘಾತ ಚಿಕಿತ್ಸೆಯ ವಿಚಾರ

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಲಪ್ರಭೆ ಸವದತ್ತಿ ತಾಲೂಕಿನ ಮುನವಳ್ಳಿಗೂ ರಾಮದುರ್ಗಕ್ಕೂ ನುಗ್ಗಿತು. ನೇಕಾರರ ಮಗ್ಗಗಳು ನೀರುಪಾಲಾದವು. ಬಿದ್ದ ಗೋಡೆ, ಕೊಳೆತ ಬೆಳೆ ಪಂಚನಾಮೆಗೆ ಸೇರುತ್ತವೆ. ಮಳೆಯ ಸದ್ದಿಗೆ ನಡುರಾತ್ರಿ ಎದ್ದು ಕೂರುವವರ ಸಂಕಟ ಸೇರುವುದಿಲ್ಲ. ಅಂಥ ಸಂಕಟಕ್ಕೆ ಸಮ್ಮೋಹನ ಮತ್ತು ಕಣ್ಣಿನ ಚಲನೆಯ ಚಿಕಿತ್ಸೆಗಳು ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದೇ ಈ ಟಿಪ್ಪಣಿಯ ವಿಷಯ.

ಪದದ ತೊಡಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸೀಮೆಯಲ್ಲಿ ಮನಸ್ಸಿನ ಬೇನೆಗೆ ತನ್ನದೇ ಮಾತುಗಳಿವೆ: 'ಅಂಜಿಕಿ ಹೊಕ್ಕೈತಿ', 'ಎದಿ ಡವಡವ ಅಂತೈತಿ', 'ಗಾಳಿ ಸೋಕೈತಿ'. ಆದರೆ 'ಸಮ್ಮೋಹನ' ಎಂದೊಡನೆ ಜನರ ಮನಸ್ಸಿಗೆ ಬರುವುದು ವಶೀಕರಣ, ಮಂಕುಬೂದಿ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಮೈಮೇಲೆ ಬರುವುದನ್ನು ಕಂಡವರು ಎರಡೂ ಒಂದೇ ಎಂದುಕೊಳ್ಳುವುದುಂಟು. ಆದರೆ ಗುಡ್ಡದಲ್ಲಿ ಬರುವ ಮಾತನ್ನು ಜನ ದೇವಿಯ ಮಾತೆಂದು ಕೇಳುತ್ತಾರೆ. ಚಿಕಿತ್ಸೆಯ ಕೋಣೆಯಲ್ಲಿ ಮಾತು ರೋಗಿಯದೇ. ಆತನಿಗೆ ಎಚ್ಚರವಿರುತ್ತದೆ, ಬೇಡವೆನಿಸಿದರೆ ನಿಲ್ಲಿಸಬಹುದು.

ಮ್ಯಾಂಚೆಸ್ಟರಿನಲ್ಲಿದ್ದ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1843ರ ತನ್ನ ಗ್ರಂಥದಲ್ಲಿ ಸಮ್ಮೋಹನವನ್ನು ಮಾಂತ್ರಿಕ ಶಕ್ತಿಯ ಕಲ್ಪನೆಯಿಂದ ಬಿಡಿಸಿದ. ಹೊಳೆಯುವ ವಸ್ತುವಿನ ಮೇಲೆ ದೃಷ್ಟಿ ನೆಟ್ಟರೆ ಗಮನ ಒಂದೇ ಕಡೆ ಕೂಡುತ್ತದೆ ಎಂಬುದು ಅವನ ವಿವರಣೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಶಸ್ತ್ರವೈದ್ಯ ಜೇಮ್ಸ್ ಎಸ್ಡೇಲ್ ಇದಕ್ಕೆ ಸಮೀಪದ ಮೆಸ್ಮರಿಸಂ ಬಳಸಿ ಶಸ್ತ್ರಚಿಕಿತ್ಸೆ ಮಾಡಿದ್ದ.

ಲಾಳಿಯ ಹೋಲಿಕೆ

ಬ್ರೇಡ್ ಕಣ್ಣನ್ನು ನೆಡಿಸಿದ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಾಪಿರೊ ಕಣ್ಣನ್ನು ಆಡಿಸಿದರು. 1987ರಲ್ಲಿ ಅವರಿಗೆ ಹೊಳೆದ ಈ ಯೋಚನೆಯ ಮೊದಲ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಇಂದು ಅದು ಇಎಂಡಿಆರ್ ಎಂಬ ಎಂಟು ಹಂತಗಳ ಚಿಕಿತ್ಸೆ. ರೋಗಿಯ ಹಿನ್ನೆಲೆ ತಿಳಿದು, ಮನಸ್ಸನ್ನು ತಾನೇ ಶಾಂತಗೊಳಿಸುವ ಬಗೆಯನ್ನು ಮೊದಲು ಕಲಿಸುತ್ತಾರೆ. ಬಳಿಕವೇ ಕಹಿ ನೆನಪಿಗೆ ಕೈಹಾಕುವುದು.

ರಾಮದುರ್ಗದ ಒಬ್ಬ ನೇಕಾರನನ್ನು ಕಲ್ಪಿಸಿಕೊಳ್ಳೋಣ. ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟೊಡನೆ ನೀರು ಮೊಣಕಾಲಿಗೇರಿದಂತಾಗಿ ಆತ ಎದ್ದುಬಿಡುತ್ತಾನೆ. ಚಿಕಿತ್ಸಕರು ಆ ಚಿತ್ರವನ್ನು ಮನಸ್ಸಿನಲ್ಲಿ ಹಿಡಿಯಲು ಹೇಳಿ, ಸಂಕಟ ಸೊನ್ನೆಯಿಂದ 10ರೊಳಗೆ ಎಷ್ಟು ಎಂದು ಕೇಳುತ್ತಾರೆ. ಆತನ ಕಣ್ಣೆದುರು ಎರಡು ಬೆರಳುಗಳನ್ನು ಎಡಬಲಕ್ಕೆ ಸುಮಾರು ಅರ್ಧ ನಿಮಿಷ ಆಡಿಸಿ, 'ಈಗೇನು ಬಂತು?' ಎನ್ನುತ್ತಾರೆ. ಮತ್ತೆ ಬೆರಳು, ಮತ್ತೆ ಅದೇ ಪ್ರಶ್ನೆ. ಸಂಕಟದ ಅಂಕ ಇಳಿಯುವವರೆಗೂ ಇದು ಸಾಗುತ್ತದೆ.

ನೇಕಾರನ ಕಣ್ಣು ದಿನವಿಡೀ ಲಾಳಿಯ ಹಿಂದೆ ಎಡಬಲ ಆಡುವಂಥದೇ. ಹಾಗಾದರೆ ಮಗ್ಗವೇ ಏಕೆ ಮದ್ದಾಗಲಿಲ್ಲ? ಕಣ್ಣಿನ ಚಲನೆಯೊಂದೇ ಔಷಧವಲ್ಲ. ಮನಸ್ಸು ಒಂದು ಗಳಿಗೆಯಲ್ಲಿ ಹಿಡಿಯಬಲ್ಲದ್ದಕ್ಕೆ ಮಿತಿಯಿದೆ. ನೆನಪನ್ನು ಹಿಡಿದುಕೊಂಡೇ ಬೆರಳನ್ನೂ ಹಿಂಬಾಲಿಸಬೇಕಾದಾಗ ನೆನಪಿನ ಬಣ್ಣ ಮಸುಕಾಗುತ್ತದೆ ಎಂಬುದು ಇಂದು ಹೆಚ್ಚು ಮನ್ನಣೆ ಪಡೆದ ವಿವರಣೆ. ಚಿಕಿತ್ಸೆ ಫಲಿಸಿದರೆ ಹೊಳೆ ಬಂದದ್ದು ಮರೆತುಹೋಗುವುದಿಲ್ಲ. ಅದು ಹಿಂದೆ ಆದದ್ದು ಎಂಬ ಅರಿವು ಮೈಗೂ ಆಗುತ್ತದೆ.

ಪುರಾವೆ ಎಲ್ಲಿಯವರೆಗೆ?

ಆಘಾತೋತ್ತರ ಒತ್ತಡದ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಆಘಾತ ಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆಯ ಜತೆಗೆ ಇಎಂಡಿಆರ್ ಅನ್ನೂ ಶಿಫಾರಸು ಮಾಡಿದೆ. ಆದರೆ ಕಣ್ಣಿನ ಚಲನೆಯಿಂದಲೇ ಸಿಗುವ ಲಾಭವೆಷ್ಟು ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹೆಚ್ಚಿನ ಲಾಭವಿಲ್ಲ ಎಂದು 2001ರ ಒಂದು ಸಮಗ್ರ ವಿಶ್ಲೇಷಣೆ ಹೇಳಿದರೆ, ಇದೆ ಎಂದು 2013ರ ಇನ್ನೊಂದು ಹೇಳಿತು. ಖಿನ್ನತೆ ಮತ್ತು ಸಾಮಾನ್ಯ ಆತಂಕಕ್ಕೆ ಇಎಂಡಿಆರ್‌ನ ಪುರಾವೆ ಇಷ್ಟು ಗಟ್ಟಿಯಲ್ಲ.

ಸಮ್ಮೋಹನವನ್ನು ಇತರ ಚಿಕಿತ್ಸೆಗೆ ಊರುಗೋಲಾಗಿ ಬಳಸುವುದು ಲೇಸು. ಆತಂಕ ಮತ್ತು ನೋವಿನಲ್ಲಿ ಅದು ನೆರವಾಗಬಲ್ಲದು. ಮರೆತ ನೆನಪನ್ನು ಅಗೆದು ತೆಗೆಯಲು ಮಾತ್ರ ಬಳಸಕೂಡದು. ಆ ಸ್ಥಿತಿಯಲ್ಲಿ ಆಗದ್ದನ್ನೂ ಆಯಿತೆಂದು ಮನಸ್ಸು ನಂಬಿಬಿಡಬಹುದು. ತೀವ್ರ ಖಿನ್ನತೆಯಲ್ಲಿ, ಸಾಯುವ ಯೋಚನೆ ಬರುತ್ತಿರುವಾಗ, ಸಮ್ಮೋಹನ, ಇಎಂಡಿಆರ್ ಎರಡನ್ನೇ ನಂಬಿ ಔಷಧ ಬಿಡುವುದು ಅಪಾಯ.

ಈ ಸೀಮೆಗೆ ಅನ್ವಯ

ನಾಲ್ಕೂ ತಾಲೂಕುಗಳಿಗೆ ನಿಲುಕುವ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಅದರ ಮೂಲ 1845ರ ಮಾನಸಿಕ ರೋಗಿಗಳ ಆಶ್ರಯಧಾಮದಲ್ಲಿದೆ. ರಾಮದುರ್ಗದ ಹಳ್ಳಿಯಿಂದ ವಾರವಾರವೂ ಅಲ್ಲಿಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಆದ್ದರಿಂದ ಮೊದಲ ಗುರುತಿಸುವಿಕೆ ತಾಲೂಕು ಆಸ್ಪತ್ರೆಯಲ್ಲೇ ಆಗಬೇಕು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

'ನಿಮಗೆ ಟ್ರಾಮಾ ಇದೆಯೇ?' ಎಂದು ಕೇಳಿದರೆ ನೇಕಾರ ಸುಮ್ಮನಾಗುತ್ತಾನೆ. 'ಹೊಳಿ ಬಂದಿದ್ದು ಈಗೂ ಕಣ್ಣಾಗ ಬರತೈತೇನ್ರಿ?' ಎಂದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಇಲ್ಲಿ ಚಿಕಿತ್ಸೆ ಆ ಪ್ರಶ್ನೆಯಿಂದ ಶುರುವಾಗಬೇಕು. ಬೆರಳಾಡಿಸುವುದು ಆಮೇಲಿನ ಮಾತು.