ಕಲಿತದ್ದನ್ನು ಮತ್ತೆ ಕಲಿತ ಹೋಂಡಾ: ಫಾರ್ಮುಲಾ ಒನ್ ಪುನರಾಗಮನದ ಕಥೆ

ಜಪಾನಿನ ಹೋಂಡಾ ಕಂಪನಿ ಫಾರ್ಮುಲಾ ಒನ್ ಕಾರ್ ರೇಸಿಗೆ ಕಾಲಿಟ್ಟಿದ್ದು 1964ರಲ್ಲಿ. 1968ರ ಕೊನೆಗೆ ಹೊರನಡೆದ ಅದು 1983ರಲ್ಲಿ ಎಂಜಿನ್ ಪೂರೈಕೆದಾರನಾಗಿ ಮರಳಿತು. 1986ರಿಂದ 1991ರವರೆಗೆ ಸತತ ಆರು ವರ್ಷ ತಂಡಗಳ ಪ್ರಶಸ್ತಿ ಹೋಂಡಾ ಎಂಜಿನ್ ಹೊತ್ತ ಕಾರುಗಳ ಪಾಲಾಯಿತು. 1988ರಲ್ಲಂತೂ ಮೆಕ್ಲಾರೆನ್-ಹೋಂಡಾ ಜೋಡಿ 16 ರೇಸುಗಳಲ್ಲಿ 15ನ್ನು ಗೆದ್ದಿತು. 1992ರ ಕೊನೆಗೆ ನಿರ್ಗಮನ, 2000ದಲ್ಲಿ ಪುನರಾಗಮನ, ಜಾಗತಿಕ ಆರ್ಥಿಕ ಕುಸಿತದ ನಡುವೆ 2008ರ ಡಿಸೆಂಬರಿನಲ್ಲಿ ಮತ್ತೆ ವಿದಾಯ. 2011ರಿಂದ 2013ರವರೆಗೆ ಭಾರತದ ಬುದ್ಧ ಸರ್ಕ್ಯೂಟಿನಲ್ಲಿ ರೇಸ್ ನಡೆದಾಗ ಅಲ್ಲಿ ಹೋಂಡಾ ಎಂಜಿನ್ನಿನ ಸದ್ದು ಕೇಳಿಸದೆ ಹೋದದ್ದು ಇದೇ ಕಾರಣಕ್ಕೆ.

2013ರ ಮೇ ತಿಂಗಳಲ್ಲಿ ಕಂಪನಿ ಮತ್ತೊಮ್ಮೆ ಮರಳುವ ಘೋಷಣೆ ಮಾಡಿತು. 2015ರಿಂದ ಮೆಕ್ಲಾರೆನ್ ತಂಡಕ್ಕೆ ಎಂಜಿನ್ ಒದಗಿಸುವುದೆಂದು ನಿಶ್ಚಯವಾಯಿತು. ಹಳೆಯ ಕೀರ್ತಿಯ ನೆನಪಿನಲ್ಲಿದ್ದ ಅಭಿಮಾನಿಗಳು ಪವಾಡವನ್ನೇ ನಿರೀಕ್ಷಿಸಿದರು.

ಆದರೆ ಕಣದ ಸ್ವರೂಪವೇ ಬದಲಾಗಿತ್ತು. 2014ರಿಂದ ಜಾರಿಗೆ ಬಂದ ನಿಯಮದಂತೆ 1.6 ಲೀಟರಿನ ವಿ-6 ಟರ್ಬೊ ಎಂಜಿನ್ನಿನ ಜೊತೆ ಎರಡು ವಿದ್ಯುತ್ ಯಂತ್ರಗಳಿರಬೇಕಿತ್ತು. ಒಂದು, ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಡುವಂಥದು. ಇನ್ನೊಂದು, ಎಂಜಿಯು-ಎಚ್ ಎಂಬ ಹೆಸರಿನ, ಹೊಗೆಯ ರಭಸದಿಂದ ತಿರುಗುವ ಟರ್ಬೊವಿಗೆ ಜೋಡಿಸಿದ ಜನರೇಟರ್. ನಿಮಿಷಕ್ಕೆ 1,25,000 ಸುತ್ತುಗಳವರೆಗೆ ತಿರುಗಬಹುದಾದ ಈ ಯಂತ್ರವೇ ಮುಂದೆ ಹೋಂಡಾಕ್ಕೆ ಕಂಟಕವಾಯಿತು. ಮರ್ಸಿಡಿಸ್, ಫೆರಾರಿ ಮತ್ತು ರೆನೊ ಕಂಪನಿಗಳು ಕಣ ಬಿಡದೆ ದುಡಿಯುತ್ತಿದ್ದವು. ಹೋಂಡಾದಲ್ಲಿ ನಕ್ಷೆಗಳು ಉಳಿದಿದ್ದವು, ಕೈಗಳು ಚದುರಿದ್ದವು. ಎಂಜಿನಿಯರುಗಳನ್ನು ರೇಸಿನಲ್ಲಿ ಪಳಗಿಸಿ ಮತ್ತೆ ಸಾಮಾನ್ಯ ಕಾರುಗಳ ವಿಭಾಗಕ್ಕೆ ಕಳಿಸುವುದು ಅಲ್ಲಿನ ವಾಡಿಕೆ. ಸಂಸ್ಥೆಗೆ ಒಳ್ಳೆಯದೇ, ರೇಸಿಗೆ ಮರಳುವ ಹೊತ್ತಿಗೆ ಮಾತ್ರ ಅದು ಹೊರೆ.

ತೊಚಿಗಿ ಪ್ರಾಂತ್ಯದ ಸಕುರಾದಲ್ಲಿ ಹೊಸ ಸಂಶೋಧನಾ ಕೇಂದ್ರ ತಲೆಯೆತ್ತಿತು. ಇಂಗ್ಲೆಂಡಿನ ಮಿಲ್ಟನ್ ಕೀನ್ಸಿನಲ್ಲಿ ಮತ್ತೊಂದು ನೆಲೆ. ಮೆಕ್ಲಾರೆನ್ನಿನ ಕಾರಿನ ಹಿಂಭಾಗ ಆದಷ್ಟು ಕಿರಿದಾಗಿರಬೇಕೆಂಬ ಬಯಕೆಗೆ ತಕ್ಕಂತೆ ಟರ್ಬೊವನ್ನು ಎಂಜಿನ್ನಿನ ವಿ ಆಕಾರದೊಳಗೇ ಅಡಗಿಸಲಾಯಿತು. ಟರ್ಬೊ ಚಿಕ್ಕದಾದುದರಿಂದ ಸಿಗುವ ವಿದ್ಯುತ್ತೂ ಕಡಿಮೆ. ನೇರ ಹಾದಿಯ ನಡುವೆಯೇ ಶಕ್ತಿ ಬರಿದಾಗುತ್ತಿತ್ತು. 2015ರ ಬೆಲ್ಜಿಯಂ ರೇಸಿನಲ್ಲಿ ಎಂಜಿನ್ ಭಾಗಗಳನ್ನು ಬದಲಿಸಿದ ತಪ್ಪಿಗೆ ಎರಡು ಕಾರುಗಳಿಗೆ ಒಟ್ಟು 105 ಸ್ಥಾನಗಳ ದಂಡ ಬಿತ್ತು. ನಿಂತಿದ್ದ ಕಾರುಗಳೇ 20! ಹೋಂಡಾದ್ದೇ ಆದ ಸುಝುಕಾ ಟ್ರ್ಯಾಕಿನಲ್ಲಿ ಫರ್ನಾಂಡೊ ಅಲೊನ್ಸೊ ರೇಡಿಯೊ ಮೂಲಕ ಇದು ಕೆಳದರ್ಜೆಯ ಸ್ಪರ್ಧೆಯ ಎಂಜಿನ್ ಎಂದು ಅಬ್ಬರಿಸಿದ್ದು ಜಗತ್ತಿಗೇ ಕೇಳಿಸಿತು.

2016ರಲ್ಲಿ ಕೊಂಚ ಚೇತರಿಕೆ ಕಂಡರೂ 2017ರಲ್ಲಿ ವಿನ್ಯಾಸವನ್ನೇ ಬದಲಿಸಿದ್ದರಿಂದ ಕಷ್ಟಗಳು ಮರುಕಳಿಸಿದವು. ಎಣ್ಣೆಯ ಟ್ಯಾಂಕು ಪರೀಕ್ಷಾ ಬೆಂಚಿನ ಮೇಲೆ ಸರಿಯಾಗಿದ್ದು ಟ್ರ್ಯಾಕಿನಲ್ಲಿ ಕೈಕೊಟ್ಟಿತು. ಬೆಂಚಿಗೆ ತಿರುವುಗಳ ಎಳೆತ ತಿಳಿಯದಲ್ಲ! ಆ ಸೆಪ್ಟೆಂಬರಿನಲ್ಲಿ ಮೆಕ್ಲಾರೆನ್ ಸಂಬಂಧ ಮುರಿಯಿತು.

ನಿಜವಾದ ಕಲಿಕೆ ಶುರುವಾದದ್ದು ಇದಾದ ಮೇಲೆ. 2018ರಲ್ಲಿ ಟೊರೊ ರೊಸ್ಸೊ ಎಂಬ ಚಿಕ್ಕ ತಂಡದ ಜೊತೆ, ಗೆಲ್ಲಲೇಬೇಕೆಂಬ ಒತ್ತಡವಿಲ್ಲದೆ ಪ್ರಯೋಗ ಮಾಡುವ ಅವಕಾಶ ದೊರೆಯಿತು. ಟ್ರ್ಯಾಕಿನ ಹೊಣೆಯನ್ನು ತೊಯೊಹರು ತನಾಬೆ ಅವರಿಗೆ ಒಪ್ಪಿಸಲಾಯಿತು. 1990ರ ದಶಕದ ಆರಂಭದಲ್ಲಿ ಗೆರ್ಹಾರ್ಡ್ ಬರ್ಗರ್ ಅವರ ಎಂಜಿನಿಯರ್ ಆಗಿದ್ದವರು ಅವರು. ಸಕುರಾದ ಮುಖ್ಯಸ್ಥರಾಗಿ ಬಂದ ಯಸುವಾಕಿ ಅಸಾಕಿ ಜಪಾನಿನ ಜನಪ್ರಿಯ ಚಿಕ್ಕ ಕಾರು ಎನ್-ಬಾಕ್ಸಿನ ರೂವಾರಿ. ಅವರೂ ಹಿಂದೆ ಫಾರ್ಮುಲಾ ಒನ್ ಎಂಜಿನ್ನಿನ ಕೆಲಸ ಮಾಡಿದವರೇ. ಪರಿಹಾರ ಮನೆಯೊಳಗೇ ಇತ್ತು. ಪದೇ ಪದೇ ಕೆಡುತ್ತಿದ್ದ ಎಂಜಿಯು-ಎಚ್ ಸಮಸ್ಯೆಯನ್ನು ಹೋಂಡಾಜೆಟ್ ವಿಮಾನದ ಎಂಜಿನ್ ರೂಪಿಸಿದ ವಿಭಾಗದ ಮುಂದಿಡಲಾಯಿತು. ಅತಿ ವೇಗದಲ್ಲಿ ತಿರುಗುವ ದಂಡದ ಕಂಪನ ಅವರಿಗೆ ದಿನನಿತ್ಯದ ವಿಷಯ. ಅವರ ನೆರವಿನಿಂದ ಯಂತ್ರ ಹದಕ್ಕೆ ಬಂತು. 2019ರಲ್ಲಿ ಟರ್ಬೊವಿಗೂ ವಿಮಾನವಿದ್ಯೆ ಒದಗಿತು.

2019ರಲ್ಲಿ ರೆಡ್ ಬುಲ್ ತಂಡ ಜೊತೆಗೂಡಿತು. ಆಸ್ಟ್ರಿಯಾದಲ್ಲಿ ಮ್ಯಾಕ್ಸ್ ವರ್‌ಸ್ಟ್ಯಾಪನ್ ಗೆದ್ದಾಗ ಹೋಂಡಾ ಎಂಜಿನ್ನಿಗೆ 2006ರ ಬಳಿಕ ಅದು ಮೊದಲ ಜಯ. ಇಷ್ಟಾದ ಮೇಲೆ, 2020ರ ಅಕ್ಟೋಬರಿನಲ್ಲಿ, ಕಂಪನಿ ಮತ್ತೆ ನಿರ್ಗಮನ ಘೋಷಿಸಿದ್ದು ವಿಚಿತ್ರ. ಆದರೂ ಮುಂದಿನ ವರ್ಷಗಳಿಗೆಂದು ಮೀಸಲಿಟ್ಟಿದ್ದ ಹೊಸ ಎಂಜಿನ್ನನ್ನು ಅಸಾಕಿ ಹಟ ಹಿಡಿದು 2021ಕ್ಕೇ ತಂದರು. ಕುಮಾಮೊಟೊ ಮೋಟಾರ್‌ಸೈಕಲ್ ಕಾರ್ಖಾನೆಯ ಲೇಪನ ವಿದ್ಯೆ ಸಿಲಿಂಡರುಗಳಿಗೆ ದೊರೆಯಿತು. ಆ ವರ್ಷ ವರ್‌ಸ್ಟ್ಯಾಪನ್ ವಿಶ್ವ ಚಾಂಪಿಯನ್ ಆದರು. 1991ರಲ್ಲಿ ಏರ್ಟನ್ ಸೆನ್ನಾ ಗೆದ್ದ ಬಳಿಕ ಹೋಂಡಾ ಎಂಜಿನ್ನಿಗೆ ದಕ್ಕಿದ ಮೊದಲ ಚಾಲಕ ಪ್ರಶಸ್ತಿ ಅದು.

2023ರ ಮೇ ತಿಂಗಳಲ್ಲಿ ಹೋಂಡಾ ಮನಸ್ಸು ಬದಲಿಸಿ 2026ರಿಂದ ಆಸ್ಟನ್ ಮಾರ್ಟಿನ್ ತಂಡದ ಜೊತೆಗಾರನಾಗುವುದಾಗಿ ಪ್ರಕಟಿಸಿತು. 2026ರ ನಿಯಮಗಳಲ್ಲಿ ಒಟ್ಟು ಶಕ್ತಿಯ ಸುಮಾರು ಅರ್ಧದಷ್ಟು ವಿದ್ಯುತ್ತಿನಿಂದಲೇ ಬರಬೇಕು. ಇಷ್ಟೆಲ್ಲ ಪಾಡುಪಟ್ಟು ಒಲಿಸಿಕೊಂಡ ಎಂಜಿಯು-ಎಚ್‌ಗೆ ಅವುಗಳಲ್ಲಿ ಜಾಗವಿಲ್ಲ.