ಕೆಂಪಾಗದೇ ಆರಿದ ಬ್ಯಾಟ್ರಿ

ನಮ್ಮೂರ ಕಡೆ ಟಾರ್ಚಿಗೆ ಟಾರ್ಚು ಅನ್ನೋರು ಪೇಟೆಯವರು ಮಾತ್ರ. ನಮಗೆ ಅದು ಬ್ಯಾಟ್ರಿ. ಅದರೊಳಗೆ ಹಾಕುವುದು ಸೆಲ್ಲು. "ಬ್ಯಾಟ್ರಿ ಬಿಡು" ಅಂದರೆ ಬೆಳಕು ಬಿಡು ಅಂತ ಅರ್ಥ. ಬೆಂಗಳೂರಿಗೆ ಬಂದ ಹೊಸದರಲ್ಲಿ ಅಂಗಡಿಗೆ ಹೋಗಿ "ಒಂದು ಬ್ಯಾಟ್ರಿ ಕೊಡಿ" ಅಂದಿದ್ದೆ. ಆತ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ ತಂದು ಕೈಗಿಟ್ಟ. "ಇದಲ್ಲ, ರಾತ್ರಿ ತೋಟಕ್ಕೆ ಹೋಗುವಾಗ ಹಿಡ್ಕೊಳ್ಳೋದು" ಅಂದಿದ್ದಕ್ಕೆ ನನ್ನ ಮುಖವನ್ನೇ ನೋಡಿದ. ಅವನಿಗೆ ತೋಟ ಎಲ್ಲಿಂದ ಗೊತ್ತಾಗಬೇಕು ಪಾಪ!

ಈ ಬ್ಯಾಟ್ರಿಯ ಚರಿತ್ರೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅದಕ್ಕೊಂದು ಕಾರಣ ಇದೆ, ಮೊದಲು ಅದನ್ನೇ ಹೇಳಿಬಿಡ್ತೀನಿ.

2004ರ ಯುಗಾದಿಗೆ ಊರಿಗೆ ಹೋಗುವಾಗ ಅಪ್ಪಯ್ಯನಿಗೆ ಅಂತ ಬೆಂಗಳೂರಿನ ಒಂದು ಅಂಗಡಿಯಿಂದ ಮೂರು ದಪ್ಪ ಸೆಲ್ಲು, ಜೊತೆಗೊಂದು ಚಾರ್ಜರು ಒಯ್ದಿದ್ದೆ. ರೀಚಾರ್ಜ್ ಮಾಡುವಂಥ ಸೆಲ್ಲು. ಕೈಯಲ್ಲಿ ಹಿಡಿದರೆ ಹೂವಿನ ಹಾಗೆ ಹಗುರ. ಮುದುಕರಿಗೆ ಹೊರುವುದಕ್ಕೆ ಸುಲಭ ಅಂತ ನನಗೆ ಅದೇ ಒಂದು ಹೆಮ್ಮೆ. ಅಪ್ಪಯ್ಯ "ಹಳೇದೇ ಅಡ್ಡಿಲ್ಲೆ" ಅಂತ ಗೊಣಗಿದ. ನಾನು ಬಿಡಲಿಲ್ಲ. ವರ್ಷಕ್ಕೆ ಎಷ್ಟು ಸೆಲ್ಲು ಕೊಳ್ಳುತ್ತೀ, ಎಷ್ಟು ದುಡ್ಡು ಅಂತ ಲೆಕ್ಕ ಬರೆದು ತೋರಿಸಿ ಒಪ್ಪಿಸಿದೆ.

ಆ ವರ್ಷದ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಊರಲ್ಲಿ ಹನ್ನೆರಡು ದಿನ ಕರೆಂಟಿರಲಿಲ್ಲ. ಒಂದು ರಾತ್ರಿ ತೋಟದ ಕಪ್ಪಿನಲ್ಲಿ ನೀರು ಕಟ್ಟಿಕೊಂಡಿದೆಯಾ ನೋಡಿ ಬರುತ್ತೇನೆ ಅಂತ ಹೋದ ಅಪ್ಪಯ್ಯ ವಾಪಸ್ ಬರುವಾಗ ಹಳ್ಳದ ಸಂಕದ ನಟ್ಟನಡುವೆ ಇದ್ದಾನೆ, ಬ್ಯಾಟ್ರಿ ಫಟ್ಟಂತ ಆರಿತು. ಕಪ್ಪು ಕತ್ತಲು, ಕೆಳಗೆ ನೀರಿನ ಸದ್ದು, ಕಾಲಡಿ ಪಾಚಿ ಕಟ್ಟಿದ ಅಡಿಕೆ ದಬ್ಬೆ. ಎರಡು ಹೆಜ್ಜೆ ಅಂದಾಜಿನ ಮೇಲೆ ಇಟ್ಟನಂತೆ, ಮೂರನೆಯದು ಜಾರಿತು. ಪುಣ್ಯಕ್ಕೆ ದಂಡೆಯ ಕಡೆ ಬಿದ್ದ. ಪಾದದ ಮೂಳೆ ಮುರಿದು ಆರು ವಾರ ಪ್ಲಾಸ್ಟರು.

ನಾನು ಓಡಿ ಹೋದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಬೆಳಕು ಕೆಂಪಾಗ್ಲೇ ಇಲ್ಲೆ ಅಪ್ಪಿ" ಅಂದ. ಅಷ್ಟೇ.

ಆ ಮಾತು ನನ್ನನ್ನು ಬಹಳ ಕಾಲ ಕಾಡಿತು. ಹಳೇ ಸೆಲ್ಲು ಸಾಯುವಾಗ ಹೇಳಿ ಸಾಯುತ್ತಿತ್ತು. ಬೆಳ್ಳಗಿದ್ದ ಬೆಳಕು ಹಳದಿಯಾಗಿ, ಹಳದಿ ಕೆಂಪಾಗಿ, ಕೊನೆಗೆ ಬಲ್ಬಿನ ತಂತಿ ಬೀಡಿಯ ಕೆಂಡದ ಹಾಗೆ ಕಾಣುತ್ತಿತ್ತು. ಕೆಂಪಾಗಲು ಶುರುವಾದರೆ ಮನೆಗೆ ತಿರುಗಬೇಕು ಅಂತ ಚಿಕ್ಕ ಹುಡುಗರಿಗೂ ಗೊತ್ತಿತ್ತು. ನಾನು ಕೊಟ್ಟಿದ್ದು ಹೇಳದೇ ಸಾಯುವ ಸೆಲ್ಲು.

ಇನ್ನು ಚರಿತ್ರೆಗೆ ಬರೋಣ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಮಾಡಿದ್ದು ಗಾಜಿನ ಭರಣಿಯ ಸೆಲ್ಲು. ಒಂದು ಕಡೆ ಸತುವಿನ ಕಡ್ಡಿ, ಇನ್ನೊಂದು ಕಡೆ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲ, ನಡುವೆ ನವಸಾಗರದ ನೀರು. (ಹೌದು, ಪಾತ್ರೆಗೆ ಕಲಾಯಿ ಹಾಕುವವರು ಉಜ್ಜುತ್ತಿದ್ದ ಅದೇ ನವಸಾಗರ.) ಅದನ್ನು ಹೊತ್ತುಕೊಂಡು ತಿರುಗುವ ಹಾಗಿರಲಿಲ್ಲ, ಓರೆ ಮಾಡಿದರೆ ಚೆಲ್ಲುತ್ತಿತ್ತು. ಜರ್ಮನಿಯ ಕಾರ್ಲ್ ಗಾಸ್ನರ್ 1886ರ ಹೊತ್ತಿಗೆ ಆ ನೀರನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ ಜೊತೆ ಕಲೆಸಿ ಗಟ್ಟಿ ಮಾಡಿದ, ಸತುವನ್ನೇ ಡಬ್ಬಿ ಮಾಡಿದ. ಅದು ಒಣ ಸೆಲ್ಲು. 1896ರಲ್ಲಿ ಅಮೆರಿಕದ ನ್ಯಾಷನಲ್ ಕಾರ್ಬನ್ ಕಂಪನಿ ಇದನ್ನು 'ಕೊಲಂಬಿಯಾ' ಅನ್ನುವ ಹೆಸರಲ್ಲಿ ಮಾರಲು ಶುರುಮಾಡಿತು.

ಸೆಲ್ಲು ಸಿಕ್ಕಿತು, ಇನ್ನು ಕೊಳವೆ ಬೇಕಲ್ಲ. ಮಿನ್ಸ್ಕ್‌ನಿಂದ ನ್ಯೂಯಾರ್ಕಿಗೆ ವಲಸೆ ಹೋದ ಕಾನ್ರಾಡ್ ಹ್ಯೂಬರ್ಟ್ ಅನ್ನುವವನ ಕಂಪನಿಯಲ್ಲಿ ಡೇವಿಡ್ ಮಿಸೆಲ್ ಅಂತ ಒಬ್ಬ ಇದ್ದ. ಕಾಗದದ ಕೊಳವೆಯೊಳಗೆ ಸೆಲ್ಲುಗಳನ್ನು ಸಾಲಾಗಿ ಇಟ್ಟು, ತುದಿಗೆ ಬಲ್ಬು ಮತ್ತು ಹಿತ್ತಾಳೆಯ ರಿಫ್ಲೆಕ್ಟರ್ ಕೂರಿಸಿದ ಅವನ ಬ್ಯಾಟ್ರಿಗೆ 1899ರ ಜನವರಿ 10ರಂದು ಪೇಟೆಂಟ್ ಸಿಕ್ಕಿತು. ಕೆಲವನ್ನು ನ್ಯೂಯಾರ್ಕಿನ ಪೊಲೀಸರಿಗೆ ಕೊಟ್ಟರು. ಆಗಿನ ಸೆಲ್ಲಿಗೆ ಒಂದೇ ಸಮ ಉರಿಸುವ ತಾಕತ್ತಿರಲಿಲ್ಲ. ಸ್ವಲ್ಪ ಹೊತ್ತಿಸಿ, ಆರಿಸಿ, ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ಹೊತ್ತಿಸಬೇಕು. ಅಮೆರಿಕದವರು ಅದನ್ನು 'ಫ್ಲ್ಯಾಶ್ ಲೈಟ್' ಅಂದದ್ದು ಅದಕ್ಕೇ. ಯೋಚಿಸಿ ನೋಡಿ, ನಮ್ಮ ಅಜ್ಜ ತಿರುವಿನಲ್ಲಿ ಮಾತ್ರ ಒಂದು ಸಲ ಬ್ಯಾಟ್ರಿ ಬಿಟ್ಟು, ಹತ್ತು ಹೆಜ್ಜೆ ಕತ್ತಲಲ್ಲೇ ನಡೆದು, ಮತ್ತೆ ಬಿಡುತ್ತಿದ್ದನಲ್ಲ! ನಾವು ಅದನ್ನು ಜಿಪುಣತನ ಅಂದುಕೊಂಡಿದ್ದೆವು. ಆ ಸೆಲ್ಲಿಗೆ ಅದೇ ಸರಿಯಾದ ಆರೈಕೆ.

ನಮ್ಮ ದೇಶದ ಕೆಂಪು ಸೆಲ್ಲಿನ ಕತೆ ಬೇರೆಯೇ ಇದೆ. 9ರ ಅಂಕಿಯೊಳಗಿಂದ ಬೆಕ್ಕು ಹಾರುವ ಚಿತ್ರ ಯಾರಿಗೆ ನೆನಪಿಲ್ಲ? ಎವರೆಡಿ ಕಂಪನಿ 1934ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. 1959ರಲ್ಲಿ ಅದರ ಹೆಸರು ಯೂನಿಯನ್ ಕಾರ್ಬೈಡ್ ಇಂಡಿಯಾ ಅಂತ ಬದಲಾಯಿತು. ಹೌದು, 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ವಿಷಗಾಳಿ ಬಿಟ್ಟ ಕಾರ್ಖಾನೆ ಈ ಕಂಪನಿಯದ್ದೇ. ನಮ್ಮ ಮನೆಯ ಬ್ಯಾಟ್ರಿಯ ಸೆಲ್ಲೂ ಆ ಕೀಟನಾಶಕವೂ ಒಂದೇ ಮನೆಯ ಮಕ್ಕಳು ಅಂತ ಗೊತ್ತಾದ ದಿನ ನನಗೆ ಹೇಗೆ ಹೇಗೋ ಆಗಿತ್ತು. 1994ರಲ್ಲಿ ಅಮೆರಿಕದ ಕಂಪನಿ ತನ್ನ ಪಾಲನ್ನು ಕಲ್ಕತ್ತೆಯ ವಿಲಿಯಮ್ಸನ್ ಮೇಗರ್ ಸಮೂಹಕ್ಕೆ ಮಾರಿತು. ಆ ಹಣದಿಂದಲೇ ಭೋಪಾಲದ ಸಂತ್ರಸ್ತರಿಗೆ ಆಸ್ಪತ್ರೆ ಆಯಿತು.

ಆ ಸೆಲ್ಲನ್ನು ನಾವು ಎಷ್ಟು ಗೋಳು ಹೊಯ್ದುಕೊಂಡಿದ್ದೀವಿ! ಬಿಸಿಲಿಗೆ ಇಡುವುದು, ಬಚ್ಚಲೊಲೆಯ ಹತ್ತಿರ ನಿಲ್ಲಿಸುವುದು, ಹಲ್ಲಲ್ಲಿ ಕಚ್ಚುವುದು. ಬಿಸಿಯಾದರೆ ಒಳಗಿನ ಕ್ರಿಯೆ ಚುರುಕಾಗಿ ಇನ್ನೆರಡು ರಾತ್ರಿ ಬರುತ್ತಿತ್ತು. ಪೂರ್ತಿ ಸತ್ತ ಮೇಲೂ ಬಿಡುತ್ತಿರಲಿಲ್ಲ, ಒಡೆದು ಒಳಗಿನ ಮಸಿಯನ್ನು ಸೆಗಣಿಗೆ ಕಲೆಸಿ ನೆಲ ಸಾರಿಸುತ್ತಿದ್ದರು.

ರೀಚಾರ್ಜ್ ಆಗುವ ಸೆಲ್ಲು ಹೊಸದು ಅಂತ ನಾನು ತಿಳಿದಿದ್ದೆ. ತಪ್ಪು. ಗಾಸ್ಟನ್ ಪ್ಲಾಂಟೆಯ ಸೀಸ-ಆಮ್ಲದ ಬ್ಯಾಟರಿ 1859ರದ್ದು, ಅಂದರೆ ಲೆಕ್ಲಾಂಶೆಯ ಸೆಲ್ಲಿಗಿಂತ ಅಣ್ಣ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್-ಕ್ಯಾಡ್ಮಿಯಂ ಕಂಡುಹಿಡಿದದ್ದು 1899ರಲ್ಲಿ, ಮಿಸೆಲ್‌ಗೆ ಪೇಟೆಂಟ್ ಸಿಕ್ಕ ವರ್ಷವೇ. ಆದರೆ ಅವೆರಡೂ ಒಂದು ಕೊಳವೆಯೊಳಗೆ ಸೇರಲು ದಶಕಗಳೇ ಬೇಕಾದವು. ಚಾರ್ಜ್ ಆಗುವಾಗ ಅದರೊಳಗೆ ಅನಿಲ ಹುಟ್ಟುತ್ತದೆ, ಮುಚ್ಚಿದರೆ ಒಡೆಯುತ್ತದೆ. 1947ರಲ್ಲಿ ನ್ಯೂಮನ್ ಅನ್ನುವವನು ಆ ಆಮ್ಲಜನಕವನ್ನು ಇನ್ನೊಂದು ತಟ್ಟೆಯೇ ಹೀರಿಕೊಳ್ಳುವ ಹಾಗೆ ಮಾಡಿ ಸೆಲ್ಲನ್ನು ಪೂರ್ತಿ ಮುಚ್ಚಿದ. 1980ರ ದಶಕದ ಕೊನೆಗೆ ನಿಕ್ಕಲ್-ಮೆಟಲ್ ಹೈಡ್ರೈಡ್ ಬಂತು. ಕ್ಯಾಡ್ಮಿಯಂನ ವಿಷ ಇಲ್ಲ, ಹಿಡಿಸುವುದೂ ಜಾಸ್ತಿ.

ನಾನು ಊರಿಗೆ ಒಯ್ದಿದ್ದು ಇದನ್ನೇ. ಅಲ್ಲಿ ಮೂರು ತಪ್ಪು ಮಾಡಿದ್ದೆ ಅಂತ ಆಮೇಲೆ ಗೊತ್ತಾಯಿತು.

ಮೊದಲನೆಯದು, ನಾನು ಹೆಮ್ಮೆಪಟ್ಟ ಆ ಹಗುರ! ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಸಿಟ್ಟಿನಿಂದ ಒಂದು ಸೆಲ್ಲನ್ನು ಬಿಚ್ಚಿ ನೋಡಿದೆ. ದಪ್ಪ ಡಬ್ಬಿಯೊಳಗೆ ಒಂದು ಪೆನ್ಸಿಲ್ ಸೆಲ್ಲು, ಸುತ್ತ ಬರೀ ಪೊಳ್ಳು. ಅಸಲಿ ದಪ್ಪ ಸೆಲ್ಲು ನೂರೈವತ್ತು ಗ್ರಾಂ ಆಸುಪಾಸು ತೂಗುತ್ತದೆ, ಎಂಟು-ಹತ್ತು ಸಾವಿರ ಎಂಎಎಚ್ ಹಿಡಿಯುತ್ತದೆ. ನನ್ನದರ ಮೇಲೆ ಸಣ್ಣಕ್ಷರದಲ್ಲಿ 2200 ಅಂತ ಪ್ರಾಮಾಣಿಕವಾಗಿಯೇ ಬರೆದಿತ್ತು, ಓದುವ ಬುದ್ಧಿ ನನಗಿರಲಿಲ್ಲ. ಇವತ್ತಿಗೂ ಸೆಲ್ಲು ಕೊಳ್ಳುವಾಗ ನಾನು ಮೊದಲು ಅಂಗೈಯಲ್ಲಿ ತೂಗಿ ನೋಡುವುದು.

ಎರಡನೆಯದು, ಸುಮ್ಮನೆ ಇಟ್ಟರೂ ಖಾಲಿಯಾಗುವ ಗುಣ. ಆಗಿನ ಹೈಡ್ರೈಡ್ ಸೆಲ್ಲು ಉಪಯೋಗಿಸದಿದ್ದರೂ ತಿಂಗಳಿಗೆ ಶೇಕಡಾ 20-30ರಷ್ಟು ಕಳೆದುಕೊಳ್ಳುತ್ತಿತ್ತು. ದಿನಾ ಉಪಯೋಗಿಸುವ ಕ್ಯಾಮೆರಾಕ್ಕೆ ಅದು ಸರಿ, ಮೊಳೆಗೆ ನೇತುಹಾಕಿಟ್ಟು ತುರ್ತಿಗೆ ಕೈಗೆತ್ತಿಕೊಳ್ಳುವ ಬ್ಯಾಟ್ರಿಗಲ್ಲ. ಜಪಾನಿನ ಸಾನ್ಯೊ ಕಂಪನಿ ವರ್ಷದ ನಂತರವೂ ಶೇಕಡಾ 85ರಷ್ಟು ಉಳಿಸಿಕೊಳ್ಳುವ 'ಎನೆಲೂಪ್' ತಂದಿದ್ದು 2005ರಲ್ಲಿ. ಅಪ್ಪಯ್ಯ ಬಿದ್ದ ಮಾರನೇ ವರ್ಷ. ಈಗ ಇಂಥವು ಬೇರೆ ಕಂಪನಿಗಳದ್ದೂ ಸಿಗುತ್ತವೆ. ಹೈಡ್ರೈಡ್ ಬೇಕಿದ್ದರೆ ಇವನ್ನೇ ಕೊಳ್ಳಿ. ಡಬ್ಬಿಯ ಮೇಲೆ 2700, 2800 ಅಂತ ದೊಡ್ಡ ಸಂಖ್ಯೆ ಇರುವುದಕ್ಕಿಂತ 2000 ಇರುವ ಇವೇ ಮೇಲು.

ಮೂರನೆಯದೇ ಆ ಕೆಂಪಿನ ವಿಷಯ. ಸತುವಿನ ಸೆಲ್ಲು 1.5 ವೋಲ್ಟ್‌ನಿಂದ ಶುರುವಾಗಿ ಸಮನೆ ಇಳಿಯುತ್ತಾ ಹೋಗುತ್ತದೆ, ಬೆಳಕೂ ಹಾಗೇ. ನಿಕ್ಕಲ್ ಜಾತಿಯದ್ದು 1.2 ವೋಲ್ಟ್‌ನಲ್ಲಿ ಕೊನೇವರೆಗೆ ಮಟ್ಟಸವಾಗಿ ನಡೆದು, ಕಡೆಗೆ ಬಂಡೆಯ ಅಂಚಿಂದ ಬಿದ್ದ ಹಾಗೆ ಬೀಳುತ್ತದೆ. ಪುಸ್ತಕಗಳಲ್ಲಿ ಇದನ್ನು ಗುಣ ಅಂತ ಹೊಗಳಿರುತ್ತಾರೆ. ಸಂಕದ ಮೇಲೆ ನಿಂತವನನ್ನು ಕೇಳಬೇಕು! ಇನ್ನೊಂದು, ಸಾಲಾಗಿ ಕೂತ ಮೂರರಲ್ಲಿ ಒಂದು ಮೊದಲೇ ಖಾಲಿಯಾದರೆ ಉಳಿದೆರಡು ಅದರೊಳಗೆ ತಿರುಗುಮುರುಗಾಗಿ ಕರೆಂಟು ಹರಿಸಿ ಅದನ್ನು ಕೊಂದೇಬಿಡುತ್ತವೆ. ಹಾಗಾಗಿ ಒಂದೇ ದಿನ ಕೊಂಡವನ್ನು ಒಟ್ಟಿಗೇ ಚಾರ್ಜ್ ಮಾಡಿ, ಒಟ್ಟಿಗೇ ಹಾಕಬೇಕು. ಹೊಸದು ಹಳೆಯದು ಬೆರಕೆ ಮಾಡಬಾರದು.

ನಡುವೆ ನಮ್ಮೂರಿಗೆ ಗೋಡೆಯ ಪ್ಲಗ್ಗಿಗೇ ಚುಚ್ಚುವ ಪ್ಲಾಸ್ಟಿಕ್ ಬ್ಯಾಟ್ರಿಗಳೂ ಬಂದವು. ಒಳಗೆ ಪ್ಲಾಂಟೆಯ ಅದೇ ಸೀಸ. ಅದನ್ನು ಖಾಲಿಯಾಗಿ ಬಿಟ್ಟರೆ ತಟ್ಟೆಯ ಮೇಲೆ ಸೀಸದ ಸಲ್ಫೇಟು ಗಟ್ಟಿ ಕಟ್ಟಿ ಆಮೇಲೆ ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ. ನಮ್ಮ ಜನ ಪೂರ್ತಿ ಆರುವವರೆಗೆ ಉರಿಸಿ ಮಳೆಗಾಲ ಮುಗಿಯಿತು ಅಂತ ಅಟ್ಟಕ್ಕೆ ಹಾಕಿದರು. ಮುಂದಿನ ವರ್ಷ ಎಲ್ಲವೂ ಗುಜರಿಗೆ.

ಈಗಿನ ಬ್ಯಾಟ್ರಿ ಇಬ್ಬರು ಜಪಾನಿಯರ ಉಪಕಾರ ಅನ್ನಬಹುದು. ಗುಡ್‌ಇನಫ್ ಮತ್ತು ವಿಟ್ಟಿಂಗ್‌ಹ್ಯಾಮ್ ಹಾಕಿದ ದಾರಿಯಲ್ಲಿ ಅಕಿರಾ ಯೋಶಿನೊ 1985ರಲ್ಲಿ ರೂಪ ಕೊಟ್ಟ ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರ ನೊಬೆಲ್ ಬಂತು, ಗುಡ್‌ಇನಫ್‌ಗೆ ಆಗ 97 ವರ್ಷ. ಇನ್ನೊಬ್ಬ ಶುಜಿ ನಕಮುರಾ. ಆತನ ನೀಲಿ ಎಲ್ಇಡಿ ಇಲ್ಲದೆ 1996ರಲ್ಲಿ ಬಿಳಿ ಎಲ್ಇಡಿ ಬರುತ್ತಿರಲಿಲ್ಲ. ಬಿಳಿ ಎಲ್ಇಡಿಗೆ ಸುಮಾರು 3 ವೋಲ್ಟ್ ಬೇಕು, ಒಂದು ಲಿಥಿಯಂ ಸೆಲ್ಲು ಕೊಡುವುದು 3.7. ಜಾತಕ ಹಾಗೆ ಕೂಡಿಬಂತು.

18650 ಅಂತ ಕರೆಯುವ ಸೆಲ್ಲು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಳ್ಳೆಯ ಕಂಪನಿಯದ್ದು 3500 ಎಂಎಎಚ್ ಸುತ್ತಮುತ್ತ ಇರುತ್ತದೆ. 9900 ಅಂತ ಬರೆದದ್ದು ಕಂಡರೆ ಹಾಗೇ ಕೆಳಗಿಡಿ. ಇದು ಖಾಲಿ ಬಿದ್ದಿರಲೂಬಾರದು, ತಿಂಗಳುಗಟ್ಟಲೆ ತುಂಬಿ ತುಳುಕುತ್ತಲೂ ಇರಬಾರದು. ಮೇಲಿನ ಹಾಳೆ ಹರಿದರೆ ಉಪಯೋಗಿಸಬಾರದು, ಕೀಲಿಕೈ ಇರುವ ಜೇಬಿಗೆ ಹಾಕಬಾರದು. ಬಿಸಿ ಅಂತೂ ಆಗಲೇ ಆಗದು.

ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿಯೇ ಕೊಟ್ಟಿದ್ದೆ. ಆದರೂ ಒಂದು ಬೆಳಿಗ್ಗೆ ಬಚ್ಚಲಿಗೆ ಹೋದರೆ ಆ ಸೆಲ್ಲು ಒಲೆಯ ಕಟ್ಟೆಯ ಮೇಲೆ ಹೊಟ್ಟೆ ಕಾಯಿಸಿಕೊಳ್ಳುತ್ತಾ ನಿಂತಿದೆ! ನನ್ನ ಜೀವವೇ ಹಾರಿಹೋಯಿತು. ಐವತ್ತು ವರ್ಷದ ಅಭ್ಯಾಸ, ಏನು ಮಾಡುವುದು. ಒಳಗೇ ಬೆಂಕಿ ಹುಟ್ಟಿ ಸಿಡಿಯುತ್ತದೆ ಅಂತ ಬಿಡಿಸಿ ಹೇಳಿದ ಮೇಲೆ ಅವನೇ ಒಂದು ಕ್ರಮ ಮಾಡಿಕೊಂಡ. ಪ್ರತಿ ಅಮಾವಾಸ್ಯೆಗೆ ಚಾರ್ಜು, ಕ್ಯಾಲೆಂಡರಿನಲ್ಲಿ ಗುರುತು.

ಕಳೆದ ದೀಪಾವಳಿಗೆ ಹೋದಾಗ ಕೇಳಿದ, "ಇದು ಕೆಂಪಾಗ್ತಾ?"

ಕೆಂಪಾಗುವುದಿಲ್ಲ, ಮುಗಿಯುವ ಮುಂಚೆ ಮೂರು ಸಲ ಮಿಟುಕುತ್ತದೆ ಅಂದೆ. ಅವನಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಊಟ ಆದ ಮೇಲೆ ಜಗುಲಿಯಲ್ಲಿ ಕಂಬಕ್ಕೆ ಒರಗಿ ಕೂತು, ಬ್ಯಾಟ್ರಿಯನ್ನು ಅಂಗಳದ ಕಡೆ ಬಿಟ್ಟುಕೊಂಡು, ಗೋಡೆಯ ಗಡಿಯಾರ ನೋಡುತ್ತಾ ಇದ್ದ. ಮಲಗು ಅಂದರೆ ಕೇಳಲಿಲ್ಲ. ನಾನೂ ಕೂತೆ. ಮೂರು ಗಂಟೆ ಆದ ಮೇಲೆ ಮಿಟುಕಿತು, ಮೂರು ಸಲ. ಅಲ್ಲಿಂದ ಪೂರ್ತಿ ಆರುವವರೆಗೆ ಹನ್ನೊಂದು ನಿಮಿಷ. ಕತ್ತಲಲ್ಲೇ ಎದ್ದು ಹೋಗಿ, ತಡಕಾಡಿ ಲೈಟು ಹಾಕಿ, ಕ್ಯಾಲೆಂಡರಿನ ಅಂಚಿನಲ್ಲಿ '11 ನಿಮಿಷ' ಅಂತ ಬರೆದಿಟ್ಟ. ತೋಟದ ಆ ತುದಿಯಿಂದ ಮನೆಗೆ ಎಂಟು ನಿಮಿಷ ಸಾಕಂತೆ.